ಶುಕ್ರವಾರದ ಲ್ಯಾಬ್ ಮತ್ತು ಯಾರೂ ಕೇಳದ ಅನುಮತಿ

ಈ ಪ್ರಕರಣ ಬರೆಯುವುದಕ್ಕೆ ಕಾರಣ, ಅದು ಪ್ರತಿ ಸೆಮಿಸ್ಟರಿನಲ್ಲೂ ಬೇರೊಬ್ಬರ ಹೆಸರಿನಲ್ಲಿ ಮತ್ತೆ ಬರುತ್ತದೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಮಂಗಳೂರಿನ ಒಂದು ಕ್ಯಾಥೊಲಿಕ್ ಶಿಕ್ಷಣ ಸಂಸ್ಥೆ. ಬಿ.ಎಸ್ಸಿ. ಎರಡನೇ ವರ್ಷದ, ಕರಾವಳಿಯ ಬ್ಯಾರಿ ಮುಸ್ಲಿಂ ಸಮುದಾಯದ ಹುಡುಗ. ಶುಕ್ರವಾರ 11.30ರಿಂದ 1.30ರವರೆಗೆ ರಸಾಯನಶಾಸ್ತ್ರದ ಲ್ಯಾಬ್. ಹಾಜರಿ ಕೊಟ್ಟು, ಕೆಲಸ ಅರ್ಧ ಮಾಡಿ, 12.35ಕ್ಕೆ ಟಾಯ್ಲೆಟ್ಟಿಗೆಂದು ಹೇಳಿ ಜುಮಾಕ್ಕೆ, ಅಂದರೆ ಶುಕ್ರವಾರ ಮಧ್ಯಾಹ್ನದ ಸಾಮೂಹಿಕ ನಮಾಝಿಗೆ, ಹೋಗುತ್ತಿದ್ದ. ಉಳಿದ ರೀಡಿಂಗ್‌ಗಳನ್ನು ಪಕ್ಕದ ಟೇಬಲಿನ ಗೆಳೆಯ, ಒಬ್ಬ ಕ್ರೈಸ್ತ ಹುಡುಗ, ಬರೆದಿಡುತ್ತಿದ್ದ. ಒಂದು ಶುಕ್ರವಾರ ಪರ್ಮಾಂಗನೇಟ್ ಟೈಟ್ರೇಶನ್ (ಒಂದು ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಇನ್ನೊಂದನ್ನು ಅಳೆಯುವ ಪ್ರಯೋಗ) ಇತ್ತು. ಅದಕ್ಕೆ ಆಕ್ಸಾಲಿಕ್ ಆಮ್ಲವನ್ನು 60ರಿಂದ 70 ಡಿಗ್ರಿಗೆ ಬಿಸಿ ಮಾಡಬೇಕು, ತಣ್ಣಗಾದರೆ ಕ್ರಿಯೆ ನಿಧಾನವಾಗಿ ರೀಡಿಂಗ್ ಕೆಡುತ್ತದೆ. ಬರ್ನರ್ ಉರಿಯುತ್ತಲೇ ಇತ್ತು, ಟೇಬಲಿನ ಹತ್ತಿರ ಯಾರೂ ಇರಲಿಲ್ಲ. ರೆಕಾರ್ಡ್ ಪುಸ್ತಕ ತೆರೆದು ನೋಡಿದರೆ ಎರಡು ಕೈಬರಹ. ವಿಭಾಗದಿಂದ ಪತ್ರ ಹೋಯಿತು, ತಂದೆಯನ್ನು ಕರೆಸಿದರು. ‘ಶಿಸ್ತಿನ ಸಮಸ್ಯೆ’ ಎಂದು ಬರೆದ ಚೀಟಿಯೊಂದಿಗೆ ಹುಡುಗ ಆಪ್ತಸಲಹೆಗೆ ನನ್ನ ಬಳಿ ಬಂದ.

ಮೊದಲ ಭೇಟಿಯಲ್ಲಿ ಅವನು ಎಲ್ಲದಕ್ಕೂ ‘ತಪ್ಪಾಯ್ತು’ ಎಂದನೇ ಹೊರತು ಬೇರೇನೂ ಹೇಳಲಿಲ್ಲ. ಎರಡನೆಯದರಲ್ಲಿ ಒಂದೇ ಪ್ರಶ್ನೆ: ಫಾದರ್ ಹತ್ತಿರವೋ ಲ್ಯಾಬಿನ ಸರ್ ಹತ್ತಿರವೋ ಒಮ್ಮೆಯಾದರೂ ಕೇಳಿದ್ದೀಯಾ?

“ಇಲ್ಲ ಮೇಡಂ. ಕೇಳಿ ಅವರು ಆಗುದಿಲ್ಲ ಹೇಳಿದ್ರೆ ಮತ್ತೆ ಹೋಗ್ಲಿಕ್ಕೇ ಆಗುದಿಲ್ಲ. ಕೇಳದಿದ್ರೆ ಹೋಗ್ಬಹುದಲ್ಲ.”

ಅವನ ಲೆಕ್ಕಾಚಾರದಲ್ಲಿ ಮೂರ್ಖತನವಿಲ್ಲ. 2022ರ ಹಿಜಾಬ್ ವಿವಾದ ಹೊತ್ತಿಕೊಂಡದ್ದು ಪಕ್ಕದ ಉಡುಪಿಯಲ್ಲಿ. ಆಮೇಲೆ ಕರಾವಳಿಯ ಅನೇಕ ಮುಸ್ಲಿಂ ಮನೆಗಳಲ್ಲಿ, ಕಾಲೇಜಿಗೆ ಸೇರಿಸುವಾಗಲೇ ‘ಏನೂ ಕೇಳಲಿಕ್ಕೆ ಹೋಗಬೇಡ, ಡಿಗ್ರಿ ಮುಗಿಸಿ ಬಾ’ ಎಂದು ಹೇಳಿ ಕಳುಹಿಸುತ್ತಾರೆ. ಈ ಹುಡುಗನ ತಂದೆಯೂ ಹಾಗೆಯೇ ಹೇಳಿದ್ದರು. ಒಂದು ಸಣ್ಣ ಕೋರಿಕೆಯೂ ಪ್ರತಿಭಟನೆಯಂತೆ ಕಂಡೀತು ಎಂಬ ಭಯ ಅವರದು.

“ಸರ್‌ಗೆ ಸಿಟ್ಟು ಬಂದದ್ದು ನಮಾಝಿಗಾ?” ಎಂದು ಕೇಳಿದಾಗ ಹುಡುಗ ಸ್ವಲ್ಪ ಹೊತ್ತು ಯೋಚಿಸಿದ. “ಅವ್ರು ನಮಾಝಿನ ಮಾತೇ ಎತ್ಲಿಲ್ಲ ಮೇಡಂ. ಬರ್ನರ್ ಬರ್ನರ್ ಅಂತ ಹೇಳಿದ್ದು.” ಮತ್ತೆ ಅವನೇ, “ಅವ್ರಿಗೆ ಗೊತ್ತೇ ಇರ್ಲಿಲ್ಲ ಅಲ್ವಾ?”

ಗೊತ್ತಿರಲಿಲ್ಲ. ಅಲ್ಲಿಯವರೆಗೆ ಅವನಿಗೆ ಯಾರೂ ಏನನ್ನೂ ನಿರಾಕರಿಸಿರಲಿಲ್ಲ. ನಿರಾಕರಣೆಯ ಭಯದಲ್ಲೇ ಅವನು ಪ್ರತಿ ವಾರ ಸುಳ್ಳು ಹೇಳುತ್ತಿದ್ದ, ಅದೂ ಪ್ರಾರ್ಥನೆಗೆ ಹೋಗುವ ದಾರಿಯಲ್ಲಿ. ಅವನ ನಿದ್ದೆ ಕೆಡಿಸಿದ್ದು ಆ ಸುಳ್ಳು, ವಿಭಾಗದ ಪತ್ರವಲ್ಲ.

ನಾನು ಕೊಟ್ಟ ಸಲಹೆ ಇದು: ಬಹಿರಂಗವಾಗಿ ಕೇಳು, ಬರೆದು ಕೇಳು, ಬೇಕಾದಷ್ಟನ್ನೇ ಕೇಳು. ‘ಧಾರ್ಮಿಕ ಸೌಲಭ್ಯ ಒದಗಿಸಬೇಕು’ ಎಂಬ ಅರ್ಜಿಗೆ ಯಾವ ಆಡಳಿತವೂ ಉತ್ತರ ಕೊಡಲಾರದು, ಏಕೆಂದರೆ ಏನು ಮಾಡಬೇಕೆಂದೇ ಅದರಲ್ಲಿ ಇಲ್ಲ. ನಮ್ಮ ಊರಿನಲ್ಲಿ ಸೂರ್ಯ ನೆತ್ತಿ ದಾಟುವ ಹೊತ್ತು ನವೆಂಬರ್ ಆರಂಭದಲ್ಲಿ ಸುಮಾರು 12.14, ಫೆಬ್ರವರಿ ಮಧ್ಯದಲ್ಲಿ 12.45. ಝುಹರ್ (ದಿನನಿತ್ಯದ ಮಧ್ಯಾಹ್ನದ ನಮಾಝ್) ಮತ್ತು ಜುಮಾದ ಸಮಯ ಶುರುವಾಗುವುದೇ ಆಮೇಲೆ. ಹುಡುಗ ಹೋಗುವ ಮಸೀದಿಯಲ್ಲಿ ಖುತ್ಬಾ, ಅಂದರೆ ಜುಮಾದ ಪ್ರವಚನ, 12.50ಕ್ಕೆ, ನಮಾಝ್ ಮುಗಿಯುವುದು 1.20ಕ್ಕೆ, ನಡೆದು ಹೋಗಲು ಹತ್ತು ನಿಮಿಷ. ಅಂದರೆ ಅವನಿಗೆ ಬೇಕಾದದ್ದು ವಾರಕ್ಕೆ ಒಂದು ದಿನ, 12.35ರಿಂದ 1.35. ಪತ್ರದಲ್ಲಿ ಅಷ್ಟೇ ಇರಬೇಕು, ಅದರ ಕೆಳಗೆ ತಪ್ಪಿದ ಕೆಲಸವನ್ನು ಯಾವಾಗ ಮಾಡಿಕೊಡುತ್ತೇನೆ ಎಂಬುದು.

ಪಾಠದ ತರಗತಿಗಾದರೆ ಅಷ್ಟು ಹೊತ್ತಿನ ಬಿಡುವು ಕೇಳಬಹುದು, ಆದರೆ ಲ್ಯಾಬನ್ನು ಮಧ್ಯದಲ್ಲಿ ಬಿಟ್ಟುಹೋಗುವ ಅನುಮತಿ ಕೇಳಬಾರದು. ಟೈಟ್ರೇಶನ್ ಅರ್ಧಕ್ಕೆ ನಿಲ್ಲುವುದಿಲ್ಲ, ಹಾಜರಿಯೂ ಕೂಡುವುದಿಲ್ಲ. ಹದಿನೈದು ಲ್ಯಾಬ್‌ಗಳಿಗೆ ಶೇ. 75ರ ನಿಯಮ ಹಿಡಿದರೆ ಹನ್ನೆರಡಕ್ಕೆ ಪೂರ್ತಿ ಇರಲೇಬೇಕು, ತಪ್ಪಬಹುದಾದದ್ದು ಮೂರೇ. ಹಾಗಾಗಿ ಕೇಳಬೇಕಾದದ್ದು ಬ್ಯಾಚ್ ಬದಲಾವಣೆ. ಬ್ಯಾಚ್‌ಗಳನ್ನು ಸಾಮಾನ್ಯವಾಗಿ ರೋಲ್ ನಂಬರ್ ಪ್ರಕಾರ ಕಣ್ಣುಮುಚ್ಚಿ ಹಂಚಿರುತ್ತಾರೆ. ಮಂಗಳವಾರದ ಬ್ಯಾಚಿನ ಒಬ್ಬರು ಶುಕ್ರವಾರಕ್ಕೆ ಬರಲು ಒಪ್ಪಿದರೆ ಸಂಸ್ಥೆಗೆ ಒಂದು ಪೈಸೆ ಖರ್ಚಿಲ್ಲ. ಆದರೆ ಇದನ್ನು ಸೆಮಿಸ್ಟರಿನ ಮೊದಲ ವಾರದಲ್ಲೇ ಕೇಳಬೇಕು. ಎಂಟನೇ ವಾರಕ್ಕೆ ಎರಡು ಬ್ಯಾಚ್‌ಗಳ ಪ್ರಯೋಗಗಳ ಕ್ರಮ ಬೇರೆಯಾಗಿರುತ್ತದೆ, ಇಂಟರ್ನಲ್ ಅಂಕ ದಾಖಲಾಗಿರುತ್ತದೆ. ಆಗ ಉಪನ್ಯಾಸಕರು ‘ಆಗುದಿಲ್ಲ’ ಎಂದರೆ ಅದು ದ್ವೇಷವಲ್ಲ.

ಕೋರಿಕೆ ಏಕೆ, ಹಕ್ಕೆಂದು ಕೇಳಲು ಹೇಳಬಾರದಿತ್ತೇ ಎಂದು ಪರಿಚಿತ ವಕೀಲರೊಬ್ಬರು ಆಕ್ಷೇಪಿಸಿದರು. ಸಂವಿಧಾನದ 28(3)ನೇ ವಿಧಿ ಈ ಹುಡುಗನನ್ನು ಕಾಯುತ್ತದೆ, ನಿಜ: ಸರ್ಕಾರದ ಮಾನ್ಯತೆ ಅಥವಾ ಅನುದಾನವಿರುವ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೋ ಆರಾಧನೆಗೋ ಕೂರಿಸುವಂತಿಲ್ಲ. ಚರ್ಚಿನ ಪೂಜೆಗೆ, ಅಂದರೆ ಮಿಸ್ಸಾಕ್ಕೆ, ಬಾರದಿರುವ ಹಕ್ಕು ಅವನಿಗೆ ಖಚಿತವಾಗಿ ಇದೆ. ಆದರೆ ಆ ವಿಧಿ ಟೈಮ್‌ಟೇಬಲ್ ಬದಲಿಸಿಕೊಡು ಎನ್ನುವುದಿಲ್ಲ. 30ನೇ ವಿಧಿ ಅಲ್ಪಸಂಖ್ಯಾತ ಸಂಸ್ಥೆಗೆ ತನ್ನ ಆಡಳಿತ ನಡೆಸುವ ಹಕ್ಕು ಕೊಟ್ಟಿದೆ. ಇಲ್ಲದ ಆಯುಧವನ್ನು ಹತ್ತೊಂಬತ್ತರ ಹುಡುಗನ ಕೈಗೆ ಕೊಟ್ಟು ಮುಂದೆ ಕಳುಹಿಸುವುದು ಸಲಹೆಯಲ್ಲ. ಇನ್ನೊಂದು ಮಾತು: ಅವನು ಹೋಗುತ್ತಿರುವುದು ಪ್ರಾರ್ಥನೆಯ ಬೆಲೆ ಗೊತ್ತಿರುವವರ ಬಳಿಗೆ. 1965ರ ‘ನೊಸ್ತ್ರಾ ಎತಾತೆ’ ಎಂಬ ವ್ಯಾಟಿಕನ್ ಮಹಾಸಭೆಯ ಘೋಷಣೆ, ಮುಸ್ಲಿಮರ ಪ್ರಾರ್ಥನೆ, ದಾನ, ಉಪವಾಸಗಳನ್ನು ಗೌರವದಿಂದ ಹೆಸರಿಸುತ್ತದೆ. ಆ ನಂಬಿಕೆಯಿಂದಲೇ ಮಾತು ಶುರುಮಾಡು ಎಂದೆ.

ಸಂಸ್ಥೆಗಳಿಗೂ ಹೇಳಬೇಕಾದದ್ದಿದೆ. ವಿದ್ಯಾರ್ಥಿ ಬಂದು ಕೇಳಲಿ ಎಂದು ಕಾಯುವುದು ನ್ಯಾಯವಲ್ಲ. ಕೇಳಲು ಹೆದರುವವರಿಗೆ ಆ ಬಾಗಿಲು ಕಾಣುವುದೇ ಇಲ್ಲ. ಬ್ಯಾಚ್ ಮಾಡುವ ಮೊದಲು ‘ಶುಕ್ರವಾರ ಮಧ್ಯಾಹ್ನ ಯಾರಿಗೆ ತೊಂದರೆ?’ ಎಂಬ ಒಂದು ಸಾಲಿನ ಸುತ್ತೋಲೆ ಸಾಕು. ಕಾಲೇಜಿನ ಒಂದು ಕೋಣೆಯಲ್ಲೇ ಜುಮಾ ಮಾಡಿಕೊಳ್ಳಲಿ ಎನ್ನುವವರಿದ್ದಾರೆ. ಇಲ್ಲಿಯ ಬ್ಯಾರಿಗಳು ಹೆಚ್ಚಾಗಿ ಇಸ್ಲಾಮೀ ಧರ್ಮಶಾಸ್ತ್ರದ ಶಾಫಿ ಪಂಥದವರು, ಅದರಲ್ಲಿ ಜುಮಾಕ್ಕೆ ಊರಿನಲ್ಲಿ ನೆಲೆಸಿದ ನಲವತ್ತು ಗಂಡಸರಾದರೂ ಬೇಕು, ಕಾಲೇಜಿನ ಕೋಣೆಯಲ್ಲಿ ಅದು ಕೂಡಿಬರುವುದು ಕಷ್ಟ. ಹೆಣ್ಣುಮಕ್ಕಳಿಗೆ ಜುಮಾ ಕಡ್ಡಾಯವಿಲ್ಲ; ಅವರಿಗೆ ಝುಹರಿಗೆ ಹತ್ತು ನಿಮಿಷ, ಒಂದು ಚಾಪೆ, ಶುಚಿಯಾದ ಜಾಗ ಸಾಕು. ಕೋಣೆ ಕೇಳುವಾಗ ಗೋಡೆಯ ಶಿಲುಬೆ ತೆಗೆಯಿರಿ ಎನ್ನಬೇಡಿ, ಪಶ್ಚಿಮದ ಗೋಡೆ ಖಾಲಿ ಇರುವ ಕೋಣೆ ಕೇಳಿ. ಇಲ್ಲಿಂದ ಕಿಬ್ಲಾ, ಅಂದರೆ ನಮಾಝಿಗೆ ಮುಖ ಮಾಡುವ ಮಕ್ಕಾದ ದಿಕ್ಕು, ಪಶ್ಚಿಮಕ್ಕಿಂತ ಸುಮಾರು 19 ಡಿಗ್ರಿ ಉತ್ತರಕ್ಕಿದೆ. ವುಳೂ ಮಾಡಲು, ಅಂದರೆ ನಮಾಝಿಗೆ ಮೊದಲು ಕೈಕಾಲು ಮುಖ ತೊಳೆಯಲು, ವಾಶ್‌ಬೇಸಿನ್ನಿಗೆ ಕಾಲೆತ್ತಿದರೆ ನೆಲ ಒದ್ದೆ, ಆಯಾಗಳಿಂದ ದೂರು. ತಗ್ಗಿನ ನಲ್ಲಿ, ಒಂದು ಮಗ್ ಇದ್ದರೆ ಆ ಜಗಳವೇ ಇಲ್ಲ.

ಆ ಸೆಮಿಸ್ಟರಿಗೆ ಬ್ಯಾಚ್ ಬದಲಾಗಲಿಲ್ಲ, ತಡವಾಗಿತ್ತು. ಉಳಿದ ಮೂರು ಶುಕ್ರವಾರ ಏನು ಮಾಡಬೇಕೆಂಬುದು ಅವನ ಧರ್ಮಗುರು ಉಸ್ತಾದರ ಹತ್ತಿರ ಕೇಳಬೇಕಾದ ಪ್ರಶ್ನೆ ಎಂದೆ. ಅವನು ಅವರನ್ನೇ ಕೇಳಿದ. ಸುಳ್ಳು ರೀಡಿಂಗಿನ ಅಂಕಗಳು ಇಬ್ಬರು ಹುಡುಗರಿಗೂ ಹೋದವು. ಅದನ್ನು ಮನ್ನಿಸಿ ಎಂದು ನಾನು ಶಿಫಾರಸು ಮಾಡಲಿಲ್ಲ. ಮುಂದಿನ ಸೆಮಿಸ್ಟರಿನ ಮೊದಲ ವಾರ ಅವನು ಪತ್ರ ಕೊಟ್ಟ, ಮಂಗಳವಾರದ ಬ್ಯಾಚ್ ಸಿಕ್ಕಿತು. ‘ಮೊದಲೇ ಹೇಳಬಾರದಿತ್ತಾ ಮಾರಾಯ’ ಎಂದರಂತೆ ಲ್ಯಾಬಿನ ಸರ್.

ರಮಝಾನಿನಲ್ಲಿ ಹಾಸ್ಟೆಲಿನವರಿಗೂ ಇದೇ ದಾರಿ. ಮಾರ್ಚ್ ಆರಂಭದಲ್ಲಿ ಸುಬಹಿ (ಮುಂಜಾವದ ನಮಾಝ್) ಸುಮಾರು ಐದೂವರೆಗೆ, ಅದಕ್ಕೆ ಮೊದಲೇ ಉಣ್ಣಬೇಕು, ಆ ಹೊತ್ತಿಗೆ ಮೆಸ್ ತೆರೆದಿರುವುದಿಲ್ಲ. ಅಡುಗೆಯವರನ್ನು ಎಬ್ಬಿಸಿ ಎಂದು ಕೇಳಬೇಡಿ. ರಾತ್ರಿಯ ಊಟವನ್ನೇ ಹಾಟ್‌ಬಾಕ್ಸಿನಲ್ಲಿ ತೆಗೆದಿಡಲು, 4.45ಕ್ಕೆ ಊಟದ ಹಾಲ್ ತೆರೆಯಲು ಕೇಳಿ. ಉಪವಾಸ ಬಿಡುವ ಇಫ್ತಾರ್ ಸಂಜೆ 6.40ರ ಸುಮಾರಿಗೆ, ಸ್ಟಡಿ ಅವರ್ ಆ ದಿನಗಳಲ್ಲಿ ಅರ್ಧ ಗಂಟೆ ತಡವಾದರೆ ಸಾಕು. ಹೆಸರುಗಳ ಪಟ್ಟಿ ಎರಡು ವಾರ ಮೊದಲೇ ವಾರ್ಡನ್ ಕೈಸೇರಲಿ, ಮೆಸ್ಸಿನವರು ಅಕ್ಕಿ ಅಳೆಯುವುದು ಆ ಲೆಕ್ಕ ನೋಡಿ.