ಸರ್ಕಾರ ಜನರ ಸ್ವಾತಂತ್ರ್ಯ ಕಿತ್ಕೊಳ್ಳೋ ಡಿಸ್ಟೋಪಿಯನ್ ಕಾದಂಬರಿಗಳಲ್ಲಿ ನಿಮ್ಗೆ ತುಂಬಾ ಭಯ ಹುಟ್ಟಿಸಿದ ಸೀನ್ ಯಾವ್ದು?

ತುಂಬಾ ಜನ ಆರ್ವೆಲ್‌ನ '1984'ರಲ್ಲಿ ಬರೋ ರೂಮ್ 101, ಅಂದ್ರೆ ಕೈದಿ ಯಾವ್ದಕ್ಕೆ ತುಂಬಾ ಹೆದರ್ತಾನೋ ಅದನ್ನೇ ತಂದು ಹಿಂಸೆ ಕೊಡೋ ಕೋಣೆ, ಅಲ್ಲಿನ ಆ ಇಲಿ ಪಂಜರ ಅಂತಾರೆ. ಅದೂ ಭಯಾನೇ ಬಿಡಿ, ಆದ್ರೆ ನನ್ನ ನಿದ್ದೆ ಕೆಡ್ಸಿದ್ದು ಅದೇ ಪುಸ್ತಕದ ಚಾಕಲೇಟ್ ವಿಷ್ಯ.

ಓದದೇ ಇರೋರಿಗೆ ಹೇಳ್ಬಿಡ್ತೀನಿ. ಅಲ್ಲಿ ಚಾಕಲೇಟೂ ರೇಷನ್ನೇ, ವಾರಕ್ಕೆ 30 ಗ್ರಾಂ. ಈ ವರ್ಷ ಕಮ್ಮಿ ಮಾಡಲ್ಲ ಅಂತ ಫೆಬ್ರವರಿಲಿ ಸರ್ಕಾರವೇ ಮಾತು ಕೊಟ್ಟಿರತ್ತೆ, ಆಮೇಲೆ ನೋಡಿದ್ರೆ 20ಕ್ಕೆ ಇಳಿಸ್ತೀವಿ ಅನ್ನತ್ತೆ. ನಮ್ ಹೀರೋ ವಿನ್‌ಸ್ಟನ್‌ಗೆ ಹಳೇ ಪೇಪರ್ ತಿದ್ದೋ ನೌಕರಿ, ಕೊಟ್ಟ ಮಾತನ್ನ ತೆಗೆದು ಏಪ್ರಿಲ್‌ನಲ್ಲಿ ಕಮ್ಮಿ ಮಾಡ್ಬೇಕಾಗಬಹುದು ಅಂತ ಮೊದ್ಲೇ ಎಚ್ಚರಿಸಿದ್ದ ಹಾಗೆ ಬದಲಾಯಿಸಿ, ಕೆಲ್ಸದ ಚೀಟಿನ ಗೋಡೆಲಿರೋ ಕಂಡಿಗೆ ಹಾಕ್ತಾನೆ, ಅದು ಸೀದಾ ಬೆಂಕಿಗೆ. ಮಧ್ಯಾಹ್ನ ಕ್ಯಾಂಟೀನ್‌ಗೆ ಹೋದ್ರೆ ಟೆಲಿಸ್ಕ್ರೀನ್‌ನಲ್ಲಿ (ಜನರ ಮೇಲೆ ಕಣ್ಣಿಡೋ ಟಿವಿ) ಸುದ್ದಿ: ರೇಷನ್ 20 ಗ್ರಾಂಗೆ ಏರಿಸಿದ್ದಕ್ಕೆ ಜನ ಬೀದಿಗಿಳಿದು ಅಲ್ಲಿನ ಸರ್ವಾಧಿಕಾರಿ ಬಿಗ್ ಬ್ರದರ್‌ಗೆ ಥ್ಯಾಂಕ್ಸ್ ಹೇಳ್ತಿದಾರಂತೆ! ಇಳಿಸ್ತೀವಿ ಅಂದಿದ್ದು ಹಿಂದಿನ ದಿನವಷ್ಟೇ. ಪಕ್ಕದಲ್ಲಿ ಕೂತೋರು ಅದನ್ನ ಹಾಗೇ ನುಂಗ್ತಾರೆ, ನೆನಪು ಅನ್ನೋದು ನನಗೊಬ್ಬನಿಗೇ ಇದ್ಯಾ ಅಂತ ಇವ್ನಿಗೆ ದಿಗಿಲು.

ನಮ್ಮಜ್ಜಿ ಹೋದ್ ತಿಂಗ್ಳು ರೇಷನ್ ಅಂಗಡಿಲಿ ಸಕ್ಕರೆ ಎಷ್ಟು ಬಂತು, ತಕ್ಕಡಿ ಎಷ್ಟು ವಾಲಿತ್ತು ಅನ್ನೋದನ್ನೂ ನೆನಪಿಟ್ಕೊಂಡು ಜಗಳಕ್ಕೆ ನಿಲ್ಲೋರು. ಅಂಥೋರು ಒಬ್ರು ಆ ಕ್ಯಾಂಟೀನ್‌ನಲ್ಲಿ ಇರ್ಬೇಕಿತ್ತು ಅನ್ಕೊಂಡೆ, ಆಮೇಲೆ ಹೊಳೀತು, ಇದ್ದಿದ್ರೆ ಬೆಳಗಾಗೋದ್ರೊಳಗೆ ಅವ್ರೂ ಇರ್ತಿರ್ಲಿಲ್ಲ, ರೇಷನ್ ಕಾರ್ಡಲ್ಲಿ ಅವ್ರ ಹೆಸ್ರೂ ಇರ್ತಿರ್ಲಿಲ್ಲ.

ಇನ್ನೊಂದು ಮಾರ್ಗರೆಟ್ ಆಟ್‌ವುಡ್ 1985ರಲ್ಲಿ ಬರೆದ 'ದಿ ಹ್ಯಾಂಡ್‌ಮೇಡ್ಸ್ ಟೇಲ್'. ಅಮೆರಿಕದಲ್ಲಿ ಪ್ರೆಸಿಡೆಂಟ್‌ನ ಕೊಂದು ಸಂವಿಧಾನ ಸಸ್ಪೆಂಡ್ ಮಾಡಿರ್ತಾರೆ, ಸ್ವಲ್ಪ ದಿನದ ಮಟ್ಟಿಗೆ ಅಂತಾರೆ, ಜನ ಮನೇಲಿ ಕೂತು ಟಿವಿ ನೋಡ್ತಾರೆ. ಆಮೇಲೊಂದಿನ ಕತೆ ಹೇಳೋ ಹೆಂಗಸು ಸಿಗರೇಟ್ ತಗೊಳ್ಳೋಕೆ ಅಂಗಡಿಗೆ ಹೋದ್ರೆ ಕಾರ್ಡ್ ನಡೆಯಲ್ಲ. ಅಂಗಡಿ ಹುಡುಗ ಇನ್ನೊಂದ್ಸಲ ನಂಬರ್ ಒತ್ತಿ ನೋಡ್ತಾನೆ, ಆಗಲ್ಲ. ಅಕೌಂಟ್‌ನಲ್ಲಿ ದುಡ್ಡಿದೆಯಲ್ಲಪ್ಪ, ಏನೋ ಮಿಸ್ಟೇಕ್ ಇರ್ಬೇಕು ಅಂತ ಇವಳು ವಾಪಸ್ ಬರ್ತಾಳೆ (ನಾವಾದ್ರೆ ಸರ್ವರ್ ಡೌನ್ ಅನ್ಕೊಂಡು ಸುಮ್ನಾಗ್ತಿದ್ವಿ). ಅವತ್ತೇ ಎಲ್ಲಾ ಹೆಂಗಸರ ಕೆಲ್ಸಾನೂ ಹೋಗತ್ತೆ, ಅವ್ರ ಹೆಸರಲ್ಲಿ ಆಸ್ತಿ ಇರೋ ಹಾಗಿಲ್ಲ, ಅಕೌಂಟ್ ದುಡ್ಡು ಇನ್ಮೇಲೆ ಗಂಡಂದು.

ಸಂಜೆ ಗಂಡ ಬಂದು ಸಮಾಧಾನ ಮಾಡ್ತಾನೆ, ಯೋಚ್ನೆ ಮಾಡ್ಬೇಡ, ನಾನಿದೀನಲ್ಲ ನೋಡ್ಕೊಳ್ಳೋಕೆ ಅನ್ನೋ ಥರ. ಅವಳಿಗೆ ಆ ಮಾತೇ ಚುಚ್ಚತ್ತೆ. ಮೊದಲ್ನೇ ಸಲ ಓದಿದಾಗ ಅಯ್ಯೋ ಪಾಪ, ಒಳ್ಳೇ ಗಂಡ ಅಂತ ಮುಂದಕ್ಕೆ ಹೋಗಿದ್ದೆ. ಎರಡನೇ ಸಲ ಅಲ್ಲೇ ನಿಂತ್ಕೊಂಡೆ, ಯಾಕಂದ್ರೆ ಅವ್ನ ಜಾಗದಲ್ಲಿ ನಾನಿದ್ದಿದ್ರೂ ಅದನ್ನೇ ಅಂತಿದ್ದೆ, ಅದೂ ಪ್ರೀತಿಯಿಂದ್ಲೇ.