ಏಣಿಯ ಯಾವ ಮೆಟ್ಟಿಲು?

ಪ್ರಶ್ನೆ: ಅಮೆರಿಕದಲ್ಲಿ ಕಡಿಮೆ ಸಂಬಳಕ್ಕೆ ದುಡಿಯುವ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಜನರ ಬಗ್ಗೆ ಓದುತ್ತಿದ್ದೇನೆ. ಅವರ ಖಿನ್ನತೆಗೆ ಬಡತನ ಕಾರಣ ಎಂದರೆ ಅರ್ಥವಾಗುತ್ತದೆ. ಅಂತಸ್ತನ್ನು ಬೇರೆಯಾಗಿ ಅಳೆಯುವುದೇಕೆ, ಹೇಗೆ?
– ಸಮಾಜಕಾರ್ಯ ವಿದ್ಯಾರ್ಥಿನಿ, ಮೈಸೂರು

ಉತ್ತರ: ಕೈಗೆ ಬರುವ ದುಡ್ಡು ಒಂದು, ನಾಲ್ಕು ಜನರ ನಡುವೆ ತನ್ನ ಜಾಗ ಎಲ್ಲಿ ಎಂಬ ಅನಿಸಿಕೆ ಇನ್ನೊಂದು. ಗ್ವಾಟೆಮಾಲಾದಲ್ಲಿ ಮೇಷ್ಟರಾಗಿದ್ದವರೊಬ್ಬರು ಲಾಸ್ ಏಂಜಲೀಸಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾರೆ ಎಂದಿಟ್ಟುಕೊಳ್ಳಿ. ಊರಲ್ಲಿ ಬೀದಿಗಿಳಿದರೆ ನಮಸ್ಕಾರ ಹೇಳುವವರಿದ್ದರು, ಇಲ್ಲಿ ಹೆಸರು ಹಿಡಿದು ಕರೆಯುವವರೂ ಇಲ್ಲ. ಪಕ್ಕದಲ್ಲೇ ಅಷ್ಟೇ ಸಂಬಳಕ್ಕೆ ದುಡಿಯುವವನು ತಿಂಗಳು ತಿಂಗಳು ಹಣ ಕಳಿಸಿ ಅಪ್ಪನ ಮನೆಗೆ ತಾರಸಿ ಹಾಕಿಸಿದ್ದಾನೆ, ತಲೆಯೆತ್ತಿ ನಡೆಯುತ್ತಾನೆ. ಸಂಬಳದ ಚೀಟಿಯಲ್ಲಿ ಇಬ್ಬರೂ ಒಂದೇ.

ಈ ವ್ಯತ್ಯಾಸ ಹಿಡಿಯಲು ಬಳಸುವುದು ಮ್ಯಾಕ್‌ಆರ್ಥರ್ ಏಣಿ. ಮನೋವಿಜ್ಞಾನಿ ನ್ಯಾನ್ಸಿ ಆಡ್ಲರ್ ಮತ್ತು ಸಂಗಡಿಗರು 2000ದಲ್ಲಿ ಇದನ್ನು ಪ್ರಕಟಿಸಿದರು. ಹಾಳೆಯ ಮೇಲೆ 10 ಮೆಟ್ಟಿಲಿನ ಏಣಿಯ ಚಿತ್ರ. ತುದಿಯಲ್ಲಿರುವವರು ಹೆಚ್ಚು ಹಣ, ಹೆಚ್ಚು ಓದು, ಮರ್ಯಾದೆಯ ಕೆಲಸ ಉಳ್ಳವರು. ಬುಡದಲ್ಲಿರುವವರಿಗೆ ಇವೆಲ್ಲ ಎಲ್ಲರಿಗಿಂತ ಕಡಿಮೆ. ‘ದೇಶದ ಜನರ ನಡುವೆ ನೀವೆಲ್ಲಿ?’ ಎಂದು ಕೇಳಿ ಗುರುತು ಹಾಕಿಸುತ್ತಾರೆ. ಎರಡನೆಯ ಏಣಿ ನಿಮ್ಮ ಸಮುದಾಯದ್ದು; ಸಮುದಾಯ ಎಂದರೆ ಯಾವುದು ಎಂಬುದನ್ನು ಉತ್ತರಿಸುವವರೇ ತೀರ್ಮಾನಿಸಬೇಕು. ಲ್ಯಾಟಿನೋ ವಲಸಿಗರ ವಿಷಯದಲ್ಲಿ ಈ ಎರಡನೆಯದನ್ನು ಬಿಡಲೇಬಾರದು. ದೇಶದ ಏಣಿಯಲ್ಲಿ 2ನೇ ಮೆಟ್ಟಿಲು ಎಂದವರು ಚರ್ಚಿನ ಏಣಿಯಲ್ಲಿ 8 ಎನ್ನಬಹುದು. ಆ 8 ಅವರ ಮನಸ್ಸಿಗೆ ಆಸರೆ.

ತಪ್ಪುವುದು ಇಲ್ಲೇ. ಒಬ್ಬರು ಚರ್ಚನ್ನು ನೆನೆಯುತ್ತಾರೆ, ಇನ್ನೊಬ್ಬರು ಮೆಕ್ಸಿಕೋದ ಓಹಾಕಾದಲ್ಲಿರುವ ತಮ್ಮ ಹಳ್ಳಿಯನ್ನು. ಗುರುತು ಹಾಕಿದ ಕೂಡಲೇ ‘ಯಾರನ್ನು ನೆನೆದು ಹಾಕಿದಿರಿ?’ ಎಂದು ಕೇಳಿ ಬರೆದುಕೊಳ್ಳದಿದ್ದರೆ ಅಂಕಿಗೆ ಅರ್ಥವೇ ಇರುವುದಿಲ್ಲ. ಸಂಬಳದ ಪ್ರಶ್ನೆಗಳನ್ನು ಏಣಿಗಿಂತ ಮೊದಲು ಕೇಳಬೇಡಿ, ಮನಸ್ಸು ಅಲ್ಲೇ ಕುಗ್ಗಿರುತ್ತದೆ. ಗಂಡನ ಎದುರು, ಮಕ್ಕಳ ಎದುರು ಕೇಳಬೇಡಿ. ಸ್ಪ್ಯಾನಿಷಿನಲ್ಲಿ ಹಿರಿಯರನ್ನು ‘ಊಸ್ತೆದ್’ ಎಂದೇ ಮಾತಾಡಿಸಬೇಕು; ಅದು ನಮ್ಮ ‘ನೀವು’. ‘ತೂ’ ಅಂದರೆ ಏಕವಚನ, ಅಂತಸ್ತು ಕೇಳಲು ಹೋಗಿ ನೀವೇ ಒಂದು ಮೆಟ್ಟಿಲು ಇಳಿಸಿದಂತೆ.

ಮನಸ್ಸಿನ ಸ್ಥಿತಿಗೆ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಬಳಸಿ. ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಹೆಚ್ಚೆಂದರೆ ಒಟ್ಟು 27. ಮೊತ್ತ 10 ಅಥವಾ ಅದಕ್ಕಿಂತ ಹೆಚ್ಚಾದರೆ ಮುಂದಿನ ತಪಾಸಣೆ ಬೇಕು. ಒಂಬತ್ತನೆಯದು ಸಾಯುವ ಯೋಚನೆಯ ಪ್ರಶ್ನೆ. ಅಲ್ಲಿ 1 ಬಂದರೂ ಮೊತ್ತ ಕೂಡುತ್ತ ಕೂರದೆ ಆಗಲೇ ಮಾತಾಡಿ. ಹಲವರು ‘ಬೇಸರ’ ಎನ್ನದೆ ‘ನೆರ್ವಿಯೋಸ್’ (ನರಗಳ ತೊಂದರೆ) ಎನ್ನುತ್ತಾರೆ: ಕೈ ನಡುಕ, ತಲೆನೋವು, ಎದೆ ಬಡಿತ, ನಿದ್ದೆಯಿಲ್ಲ. ನಮ್ಮಲ್ಲಿ ‘ಎದೆ ಡವಡವ ಅನ್ನತ್ತೆ’ ಎಂದು ಬಂದವರಿಗೆ ಗ್ಯಾಸಿನ ಮಾತ್ರೆ ಕೊಟ್ಟು ಕಳಿಸುವ ತಪ್ಪು ಅಲ್ಲಿಯೂ ಆಗುತ್ತದೆ.

ಇನ್ನೊಂದು ಎಚ್ಚರ. ಖಿನ್ನತೆಯಲ್ಲಿರುವವರು ತಮ್ಮನ್ನು ಕೆಳಗಿನ ಮೆಟ್ಟಿಲಿನಲ್ಲೇ ಕಾಣುತ್ತಾರೆ. ಒಂದೇ ಸಲ ಕೇಳಿ ‘ಅಂತಸ್ತು ಕಡಿಮೆ, ಅದಕ್ಕೇ ಖಿನ್ನತೆ’ ಎಂದು ಬರೆದುಬಿಡಬೇಡಿ. ಅದೇ ಜನರನ್ನು ಆರು ತಿಂಗಳ ಮೇಲೆ ಮತ್ತೆ ಕೇಳಿ.

ಪ್ರಶ್ನೆ: ನಮ್ಮ ಮನೆ ಸ್ವಚ್ಛ ಮಾಡಲು ಬರುವ ಹೊಂಡುರಾಸಿನ ಹೆಂಗಸು ಈಚೆಗೆ ಕೆಲಸದ ನಡುವೆ ಅಳುತ್ತಾರೆ. ದೇಶದಲ್ಲಿರಲು ಬೇಕಾದ ಕಾಗದಪತ್ರ ಇಲ್ಲವಂತೆ. ಎಲ್ಲಿಗೆ ಕಳಿಸಲಿ?
– ಓದುಗರು, ಕ್ಯಾಲಿಫೋರ್ನಿಯಾ

ಉತ್ತರ: ಹತ್ತಿರದ ಸಮುದಾಯ ಆರೋಗ್ಯ ಕೇಂದ್ರಕ್ಕೆ. ಅಲ್ಲಿ ಆದಾಯಕ್ಕೆ ತಕ್ಕ ಶುಲ್ಕ. ಸರ್ಕಾರದ ಬಡತನ ರೇಖೆಯ ಎರಡು ಪಟ್ಟಿನೊಳಗೆ ದುಡಿಯುವವರಿಗೆ ರಿಯಾಯಿತಿ ಇದೆ. ಕಾಗದಪತ್ರ ಇಲ್ಲದವರ ವಿಷಯದಲ್ಲಿ ನಿಯಮ ಬದಲಿಸಲು ಅಮೆರಿಕದ ಕೇಂದ್ರ ಸರ್ಕಾರ 2025ರ ಜುಲೈಯಲ್ಲಿ ಹೊರಟಿತು, ಅದು ಕೋರ್ಟಿನ ಮೆಟ್ಟಿಲೇರಿತು. ಆದ್ದರಿಂದ ಮೊದಲು ನೀವೇ ಫೋನ್ ಮಾಡಿ, ಅವರ ಹೆಸರು ಹೇಳದೆ, ಮೂರು ವಿಷಯ ಕೇಳಿ: ಕಾಗದಪತ್ರ ಕೇಳುತ್ತಾರೆಯೇ, ನಗದು ಸಂಬಳದವರು ಆದಾಯಕ್ಕೆ ಏನು ತೋರಿಸಬೇಕು, ಸ್ಪ್ಯಾನಿಷ್ ಬಲ್ಲ ಆಪ್ತಸಮಾಲೋಚಕರು ಯಾವ ದಿನ ಇರುತ್ತಾರೆ.

ಅನುವಾದಕ್ಕೆ ಅವರ ಮಗುವನ್ನು ಕೂರಿಸಬೇಡಿ. ಅಮ್ಮನಿಗೆ ಸಾಯಬೇಕೆನಿಸುತ್ತಿದೆ ಎಂಬ ಮಾತನ್ನು ಹತ್ತು ವರ್ಷದ ಮಗು ಡಾಕ್ಟರಿಗೆ ದಾಟಿಸಬಾರದು, ದಾಟಿಸುವುದೂ ಇಲ್ಲ. ದುಭಾಷಿಯನ್ನು ಪುಕ್ಕಟೆ ಒದಗಿಸುವುದು ಆರೋಗ್ಯ ಕೇಂದ್ರದ ಹೊಣೆ. ಪರಿಸ್ಥಿತಿ ಕೈಮೀರಿದರೆ ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಕರೆ ಮಾಡಿ 2 ಒತ್ತಿದರೆ ಸ್ಪ್ಯಾನಿಷಿನಲ್ಲಿ ಮಾತಾಡುತ್ತಾರೆ.

ಅಪಾಯಿಂಟ್‌ಮೆಂಟಿನ ದಿನದ ಕೂಲಿ ಹಿಡಿಯಬೇಡಿ. ರಜೆಗೆ ಸಂಬಳವಿಲ್ಲದ ಕೆಲಸದಲ್ಲಿ ಎರಡನೇ ಭೇಟಿ ಇದರಿಂದಲೂ ತಪ್ಪಬಹುದು.

ಪ್ರಶ್ನೆ: ಇದೇ ಏಣಿಯನ್ನು ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರರಿಗೆ ಬಳಸಬಹುದೇ?
– ಸಂಶೋಧಕರು, ಬೆಂಗಳೂರು

ಉತ್ತರ: ಬಳಸಬಹುದು, ಆದರೆ ಹಾಗೇ ಎತ್ತಿಕೊಂಡು ಬರಬೇಡಿ. ಏಣಿಯ ವಿವರಣೆಯಲ್ಲಿ ಹಣ, ಓದು, ಕೆಲಸ ಇವೆ, ಜಾತಿ ಇಲ್ಲ. ಅದನ್ನು ಬೇರೆಯಾಗಿ, ಒಂಟಿಯಾಗಿದ್ದಾಗ ಕೇಳಿ. ಸೂಪರ್‌ವೈಸರ್ ಕಣ್ಣಳತೆಯಲ್ಲಿದ್ದರೆ ಆ ದಿನ ಕೇಳಲೇಬೇಡಿ. ಕೇಳಿದ ಪ್ರತಿಯೊಬ್ಬರ ಕೈಗೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಬರೆದ ಚೀಟಿ ಕೊಟ್ಟು ಬನ್ನಿ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.