ಘಾಟಿಯಲ್ಲಿ ಎಳೆಯದ ಲಾರಿ: ಮೊದಲು ಡೀಸೆಲ್ ಪೈಪು ನೋಡಿ

ಪ್ರಶ್ನೆ: ನನ್ನದು ಟಾಟಾ 1613 ಲಾರಿ, ಕಮಿನ್ಸ್ 6ಬಿಟಿ ಇಂಜಿನ್. ಕುಂದಾಪುರದಿಂದ ಹೆಂಚು ಹೇರಿಕೊಂಡು ಹುಲಿಕಲ್ ಘಾಟಿ ಹತ್ತುವಾಗ ಇಂಜಿನ್ ಎಳೆಯುವುದಿಲ್ಲ. ಬೆಳಿಗ್ಗೆ ಕೈಪಂಪು ಹೊಡೆದರೆ ಮಾತ್ರ ಸ್ಟಾರ್ಟ್. ಡೀಸೆಲ್ ಅರ್ಧ ಟ್ಯಾಂಕಿಗಿಂತ ಇಳಿದರೆ ತೊಂದರೆ ಇನ್ನೂ ಜಾಸ್ತಿ. ದಪ್ಪ ಡೀಸೆಲ್ ಪೈಪು, ಗಟ್ಟಿ ವಾಲ್ವ್ ಸ್ಪ್ರಿಂಗ್ ಹಾಕಿಸಿ ಅಂತ ಒಬ್ಬ ಮೆಕ್ಯಾನಿಕ್ ಹೇಳುತ್ತಾರೆ. ಹಾಕಿಸಲೇ?
– ಲಾರಿ ಮಾಲೀಕರು, ಹೊಸನಗರ

ಉತ್ತರ: ಈಗಲೇ ಬೇಡ. ನಿಮ್ಮ ಪತ್ರದಲ್ಲೇ ಕಾರಣದ ಸುಳಿವಿದೆ. ರಾತ್ರಿ ನಿಂತ ಗಾಡಿಗೆ ಬೆಳಿಗ್ಗೆ ಕೈಪಂಪು ಬೇಕೆಂದರೆ, ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿದೆ. ಅಂದರೆ ಎಲ್ಲೋ ಗಾಳಿ ಒಳಗೆ ಹೋಗುತ್ತಿದೆ. ಟ್ಯಾಂಕಿನಿಂದ ಲಿಫ್ಟ್ ಪಂಪಿನವರೆಗೆ (ಟ್ಯಾಂಕಿನ ಡೀಸೆಲ್ ಇಂಜಿನ್ ಕಡೆಗೆ ಕಳಿಸುವ ಪಂಪು) ಡೀಸೆಲ್ಲನ್ನು ಎಳೆಯುವುದೇ ಹೊರತು ತಳ್ಳುವುದಲ್ಲ. ಹಾಗಾಗಿ ಅಲ್ಲಿ ಸಂದು ಬಿಟ್ಟರೆ ಇಂಜಿನ್ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕದೇ ಇರಬಹುದು, ಗಾಳಿ ಮಾತ್ರ ಒಳಗೆ ಸೇರುತ್ತದೆ. ಟ್ಯಾಂಕ್ ಇಳಿದಷ್ಟೂ ಎಳೆತ ಕಷ್ಟ, ಗಾಳಿ ಜಾಸ್ತಿ.

ಇದನ್ನು ನಾನು ಮಳೆಯಲ್ಲಿ ನಿಂತು ಕಲಿತೆ. ಬಹಳ ಹಿಂದೆ ದಪ್ಪ ಹೋಸ್ ಹಾಕಿ, ಕ್ಲಿಪ್ ಬಿಗಿದು, ಅದೇ ಘಾಟಿಯಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದೆ. ಹೋಸ್ ದಪ್ಪ, ಅದು ಕೂರುವ ಮೂತಿ ಸಣ್ಣ, ಆ ಸಂದಿನಲ್ಲಿ ಗಾಳಿ ಸೇರುತ್ತಿತ್ತು. ಮಾಸ್ತಿಕಟ್ಟೆ ತಲುಪುವಷ್ಟರಲ್ಲಿ ಎಂಟು ಸಲ ಏರ್ (ಪೈಪಿನಲ್ಲಿ ಸೇರಿದ ಗಾಳಿ) ತೆಗೆದಿದ್ದೆ.

ಲಿಫ್ಟ್ ಪಂಪಿನ ಮೊದಲು ಡೀಸೆಲ್ ತಾಳುವ ಪಾರದರ್ಶಕ ಹೋಸ್ ತುಂಡು ಹಾಕಿ, ಇಂಜಿನ್ ಓಡಿಸಿ ನೋಡಿ. ಗುಳ್ಳೆ ಬರುತ್ತಿದ್ದರೆ ಹಳೆಯ ರಬ್ಬರ್ ಹೋಸ್ ಬದಲಿಸಿ, ಬ್ಯಾಂಜೋ ಬೋಲ್ಟಿಗೆ (ಪೈಪು ಕೂಡಿಸುವ, ಒಳಗೆ ಡೀಸೆಲ್ ಹಾಯುವ ತೂತಿರುವ ಬೋಲ್ಟು) ಹೊಸ ತಾಮ್ರದ ವಾಷರ್ ಹಾಕಿ. ಹಳೆಯ ವಾಷರ್ ಮತ್ತೆ ಹಾಕಬೇಡಿ. ಡೀಸೆಲ್ ಫಿಲ್ಟರನ್ನೂ ಬದಲಿಸಿ. ನಮ್ಮ ಮಳೆಗಾಲದ ತೇವಕ್ಕೆ ಟ್ಯಾಂಕಿನಲ್ಲಿ ನೀರು ಸೇರುತ್ತದೆ, ಅದನ್ನೂ ಇಳಿಸಿ.

ಇನ್ನು ವಾಲ್ವ್ ಸ್ಪ್ರಿಂಗ್, ಅಂದರೆ ಸಿಲಿಂಡರಿನ ಗಾಳಿ, ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವನ್ನು ಮುಚ್ಚಿಸುವ ಸ್ಪ್ರಿಂಗ್. ಗಟ್ಟಿ ಸ್ಪ್ರಿಂಗ್ ಬೇಕಾಗುವುದು ಇಂಜಿನ್ ಮಿತಿಮೀರಿ ತಿರುಗಿದಾಗ, ವಾಲ್ವ್ ತನ್ನನ್ನು ತೆರೆಸುವ ಕ್ಯಾಮಿನ ಜೊತೆ ಹೆಜ್ಜೆ ತಪ್ಪಬಾರದು ಅಂತ. ಘಾಟಿಯಲ್ಲಿ ಲೋಡ್ ಹೊತ್ತ ಲಾರಿ ಅಷ್ಟು ತಿರುಗುವುದೇ ಇಲ್ಲ ಅಲ್ವಾ? ಸುಮ್ನೆ ಕ್ಯಾಮ್, ಅದರ ತಳ್ಳನ್ನು ವಾಲ್ವಿನ ಕಡೆ ಮುಟ್ಟಿಸುವ ಪುಶ್ ರಾಡಿನ ಮೇಲೆ ಭಾರ ಬೀಳುತ್ತದೆ. ಬದಲಿಗೆ ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಸಂದು, ಹೊಂದಿಸಿ. ಇಂಜಿನ್ ತಣ್ಣಗಿರುವಾಗ ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಪಟ್ಟಿ) ಇನ್‌ಲೆಟ್ 0.25 ಮಿಮೀ, ಎಕ್ಸಾಸ್ಟ್ 0.51 ಮಿಮೀ. ಸಂದು ತೀರಾ ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತದೆ.

ಇಂಜೆಕ್ಷನ್ ಪಂಪಿನಿಂದ (ಭಾರೀ ಒತ್ತಡದಲ್ಲಿ ಡೀಸೆಲ್ ತಳ್ಳುವ ಪಂಪು) ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗೆ ಹೋಗುವ ಆರು ಉಕ್ಕಿನ ಪೈಪುಗಳನ್ನು ಮಾತ್ರ ಯಾರಿಗೂ ಕತ್ತರಿಸಲು ಬಿಡಬೇಡಿ. ಆರೂ ಒಂದೇ ಉದ್ದ ಇರಬೇಕು. ಇಲ್ಲದಿದ್ದರೆ ಒಂದೊಂದು ಸಿಲಿಂಡರಿಗೆ ಒಂದೊಂದು ಹೊತ್ತಿಗೆ ಡೀಸೆಲ್ ಹೋಗುತ್ತದೆ. ಅಲ್ಲಿ ಸೋರಿಕೆ ಹುಡುಕುವಾಗ ಬೆರಳಿಡಬೇಡಿ, ದೂರದಿಂದ ರಟ್ಟು ಹಿಡಿಯಿರಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ.